ಪಾರೋತಕ್ಕ ಕಾಲು ಹಿಡಿಯಲಿಲ್ಲ

ಸಿಟ್ಟು ಇಳಿದ ಮೇಲೆ ಬರೆಯಿರಿ ಎಂದು ನಾಲ್ಕು ಜನ ಬುದ್ಧಿ ಹೇಳಿದರು. ಕಾದು ನೋಡಿದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದುವವರಿಗೆ ಬಿಸಿ ತಾಗಿದರೆ ತಾಗಲಿ.

ತೀರಿಕೊಂಡವರು ನಮ್ಮ ಹೊಲಿಗೆ ಟೀಚರು. ಹೆಸರು ಬರೆಯುವುದಿಲ್ಲ. ಬರೆದರೆ ಶಿಕಾರಿಪುರದ ಅರ್ಧ ಊರು ‘ಅಯ್ಯೋ, ಅವರು ನಮಗೆ ಬಹಳ ಬೇಕಾದವರು’ ಎಂದು ಎದೆ ಮುಟ್ಟಿಕೊಳ್ಳುತ್ತದೆ. ಅದನ್ನು ಒಂದು ಸಲ ಕೇಳಿಯಾಗಿದೆ, ಸಾಕು. ಅವರು ಸೊರಬದ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ನಾನು ಅದೇ ಊರಿನ ಪಶು ಆಸ್ಪತ್ರೆಯಲ್ಲಿ ಜಾನುವಾರು ಇನ್‌ಸ್ಪೆಕ್ಟರ್ ಆಗಿದ್ದೆ. ಇಬ್ಬರ ಮನೆಯೂ ಶಿಕಾರಿಪುರದಲ್ಲಿ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗುವುದು, ಸಂಜೆ ಒಂದೇ ಬಸ್ಸಿನಲ್ಲಿ ಬರುವುದು. ಹೀಗೆ ವರ್ಷಗಟ್ಟಲೆ ಅಕ್ಕಪಕ್ಕ ಕೂತು ಓಡಾಡಿದೆವು.

ಅವರು ಪತ್ತೇದಾರಿ ಕಥೆ ಬರೆಯುತ್ತಿದ್ದರು. ನಮ್ಮೂರಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಪತ್ತೇದಾರಿಣಿಯ ಹೆಸರು ಪಾರೋತಕ್ಕ. ಈ ಪಾರೋತಕ್ಕನ ಮಾನ ಉಳಿಸಲು ನಮ್ಮ ಟೀಚರು ಕಳೆದುಕೊಂಡದ್ದು ಸಣ್ಣದಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಸಲ ನನ್ನ ಪಕ್ಕ ಬಂದು ಕೂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕುಪ್ಪಗಡ್ಡೆಯಲ್ಲಿ ಎಮ್ಮೆಯೊಂದು ಕರು ಹಾಕಲಾಗದೆ ಒದ್ದಾಡಿತ್ತು. ಅದನ್ನು ಮುಗಿಸಿ ಹಾಗೇ ಬಸ್ಸು ಹತ್ತಿದ್ದೆ. ರವಿಕೆ ತೋಳು ಹರಿದಿತ್ತು, ವಾಸನೆ ಬೇರೆ. ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಬಂದರು. ಈಯಮ್ಮ ಬಂದವರೇ ಸೀದಾ ಕೂತು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ‘ಕೈ ಕೊಡ್ರಿ’ ಎಂದರು. ಶಿರಾಳಕೊಪ್ಪದ ರಸ್ತೆಯ ಅಷ್ಟೂ ಗುಂಡಿಗಳ ಮೇಲೆ ಬಸ್ಸು ಎಗರುತ್ತಿರುವಾಗ ನನ್ನ ತೋಳು ಹೊಲಿದರು. ಒಂದು ಸಲವೂ ಚುಚ್ಚಲಿಲ್ಲ. ದಾರ ಹಲ್ಲಿನಲ್ಲಿ ಕಡಿದು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

‘ದನಕ್ಕೆ ಕೊಡೋ ಔಷಧಿ ಮನುಷ್ಯರಿಗೆ ಕೊಟ್ರೆ ಸಾಯ್ತಾರೇನ್ರೀ ಡಾಕ್ಟ್ರಮ್ಮ?’

ಇಡೀ ಬಸ್ಸು ನಮ್ಮ ಕಡೆ ತಿರುಗಿತು. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ನಿಂತ.

‘ಯಾರಿಗೆ ಕೊಡ್ಬೇಕು ಅಂತಿದೀರಿ?’ ಎಂದೆ.

‘ಇನ್ನೂ ಹೆಸರಿಟ್ಟಿಲ್ಲ. ಈ ವಾರ ಸಾಯಿಸ್ಬೇಕು.’

ಅವತ್ತಿನಿಂದ ನಾವು ಗೆಳತಿಯರು.

ಪಾರೋತಕ್ಕ ಕಂತಿನ ಮೇಲೆ ಸೀರೆ ಮಾರುವ ಹೆಂಗಸು. ಸೀರೆ ಗಂಟು ಹೊತ್ತು ಊರೂರು ತಿರುಗುತ್ತಾಳೆ. ಹಾಗಾಗಿ ಪೊಲೀಸರು ಕಾಲಿಡದ ಅಡುಗೆಮನೆಗೂ ಅವಳಿಗೆ ದಾರಿ ಇದೆ. ಒಂದು ಕಾಲಿನಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಯಾರದೋ. ಆನವಟ್ಟಿಗೆ ಹೋಗಬೇಕಾದವಳು ಹಾನಗಲ್ಲಿನ ಬಸ್ಸು ಹತ್ತುತ್ತಾಳೆ. ಯಾರದೋ ಮದುವೆಯಲ್ಲಿ ಉಂಡು, ಮುಯ್ಯಿ ಮಾಡಿ, ಹೊರಗೆ ಬಂದ ಮೇಲೆ ಬೋರ್ಡು ಓದುತ್ತಾಳೆ. ಒಂದು ಕಥೆಯಲ್ಲಿ ಮನೆ ತಪ್ಪಿ ಹೋಗಿ, ಗುರುತಿಲ್ಲದ ಹೆಣದ ಮುಂದೆ ಕೂತು ಮನೆಯವರಿಗಿಂತ ಜೋರಾಗಿ ಅಳುತ್ತಾಳೆ. ಅಳುತ್ತಲೇ ನೋಡುತ್ತಾಳೆ, ಹೆಣದ ಕಾಲುಂಗುರ ಸೊಸೆಯ ಕಾಲಲ್ಲಿದೆ! ಇನ್ನೊಂದರಲ್ಲಿ ಗೊಬ್ಬರದ ಗುಂಡಿಗೆ ಬಿದ್ದು, ಎತ್ತಲು ಬಂದ ಇನ್‌ಸ್ಪೆಕ್ಟರನನ್ನೂ ಒಳಗೆ ಎಳೆದುಕೊಂಡು, ಕೈಗೆ ಸಿಕ್ಕಿದ ಕುಡುಗೋಲು ಎತ್ತಿ ‘ತಗಾ ತಮ್ಮಾ, ಇದನ್ನೇ ಅಲ್ವಾ ಹುಡುಕ್ತಿದ್ದಿ’ ಎನ್ನುತ್ತಾಳೆ. ಬಾಯಿ ಬಿಟ್ಟರೆ ಬೈಗುಳ. ‘ನಿನ್ನ ಬಾಯಿಗೆ ಮಣ್ಣು ಹಾಕ’ ಎನ್ನದೆ ಅವಳು ಯಾರನ್ನೂ ವಿಚಾರಣೆ ಮಾಡಿದ್ದಿಲ್ಲ.

ಬರೆಯುವವರು ಇದಕ್ಕೆ ತೀರಾ ಉಲ್ಟಾ. ನೆರಿಗೆ ಎಣಿಸಿ ಉಡುವ ಹೆಂಗಸು. ಸ್ಟಾಂಡಿಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವವರು. ನಕ್ಕರೂ ಶಬ್ದ ಬರುತ್ತಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ‘ನಿಮಗೂ ಆ ಹೆಂಗಸಿಗೂ ಎಲ್ಲಿಂದ ಎಲ್ಲಿಗೆ ಸಂಬಂಧ?’ ಎಂದು ನಾನೇ ಒಮ್ಮೆ ಕೇಳಿದ್ದೆ.

‘ನಾನು ಬೆಳಗಿಂದ ಸಂಜೆ ತನಕ ಟೇಪು ಹಿಡ್ಕೊಂಡು ಬದುಕೋಳು ಕಣ್ರೀ. ಅವಳಾದ್ರೂ ಅಳತೆ ಇಲ್ದಂಗೆ ಓಡಾಡ್ಲಿ’ ಎಂದರು.

ಅಳತೆಯಲ್ಲಿ ಬದುಕಲು ಕಾರಣವಿತ್ತು. ಗಂಡ ಬೇಗ ಹೋಗಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ನರ್ಸಿಂಗ್ ಓದುತ್ತಿದ್ದ ಮಗಳು. ಹೊಲಿಗೆ ಟೀಚರ್ ಎಂದರೆ ಶಾಲೆಯವರ ಲೆಕ್ಕದಲ್ಲಿ ಟೀಚರೇ ಅಲ್ಲ. ಗ್ರೂಪ್ ಫೋಟೋದಲ್ಲಿ ಅಂಚಿಗೆ ನಿಲ್ಲಿಸುತ್ತಿದ್ದರು. ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರು ಮನಸ್ಸು ಮಾಡಿದರೆ ಮುಂದುವರಿಯುತ್ತಿತ್ತು.

ಅವರು ಕಥೆ ಕಟ್ಟುತ್ತಿದ್ದ ರೀತಿ ಬೇರೆಲ್ಲೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಪ್ರತಿ ಸೋಮವಾರ ಹೊಸ ಕಂತನ್ನು ಬಸ್ಸಿನಲ್ಲಿ ಓದುತ್ತಿದ್ದರು. ದಿನಾ ಓಡಾಡುವವರೆಲ್ಲ ಮುಂದಿನ ಸೀಟುಗಳಿಗೆ ಸರಿದು ಕಿವಿಗೊಡುತ್ತಿದ್ದರು. ಸೊರಬ ಬರುವುದರೊಳಗೆ ಎಲ್ಲರೂ ಕೊಲೆಗಾರ ಯಾರೆಂದು ಹೇಳಬೇಕು. ಯಾರ ಹೆಸರು ಬಸ್ಸಿನವರ ಬಾಯಲ್ಲಿ ಬಂತೋ ಅವನು ನಿರಪರಾಧಿ. ಅವರು ಮನೆಗೆ ಹೋಗಿ ಅವನನ್ನು ಪಟ್ಟಿಯಿಂದ ತೆಗೆದುಹಾಕುತ್ತಿದ್ದರು. ವಾರ ಕಳೆದಂತೆ ಒಬ್ಬೊಬ್ಬರೇ ಪಾರಾಗಿ, ಕೊನೆಗೆ ಯಾರ ಬಾಯಲ್ಲೂ ಬಾರದವನು ಉಳಿಯುತ್ತಿದ್ದ. ಕೈಗೆ ಬೇಡಿ ಬೀಳುವುದು ಅವನಿಗೇ.

ಬಸ್ಸಿನಲ್ಲಿ ಎಲ್ಲರಿಗಿಂತ ಹುರುಪು ಒಬ್ಬ ವಕೀಲರ ಗುಮಾಸ್ತರಿಗೆ. ಸೊರಬದ ಕೋರ್ಟಿಗೆ ನಮ್ಮ ಜೊತೆ ಬರುವವರು. ಕಾಯ್ದೆ ತಿಳಿದವನು ಎಂಬ ಗತ್ತು. ಕಂತು ಮುಗಿಯುವ ಮೊದಲೇ ಕೈ ಎತ್ತಿ, ‘ಕುರಿ ಕಾಯೋನೇ ಮೇಡಂ, ಅನುಮಾನನೇ ಬ್ಯಾಡ’ ಎನ್ನುತ್ತಿದ್ದರು. ಕುರಿ ಕಾಯುವವನು ಕಥೆಯಲ್ಲಿ ಇಲ್ಲದಿದ್ದರೆ ಕೆಲಸದವಳು. ಅವಳೂ ಇಲ್ಲದಿದ್ದರೆ ಎರಡನೇ ಹೆಂಡತಿ. ನಾನು ದಿನಾ ಕುರಿಹಟ್ಟಿಗಳಲ್ಲಿ ತಿರುಗುವವಳು, ಮೈ ಉರಿಯುತ್ತಿತ್ತು. ಅವರ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ. ಟೀಚರು ನನ್ನ ಮೊಣಕೈ ಒತ್ತಿ, ‘ಸುಮ್ನಿರ್ರಿ, ಹೇಳ್ಲಿ. ಇವರ ಬಾಯಿಂದ ಬಡವರೆಲ್ಲ ಖುಲಾಸೆ ಆಗ್ತಾ ಅದಾರೆ’ ಎನ್ನುತ್ತಿದ್ದರು.

ಒಮ್ಮೆ ಸಾಹಿತ್ಯದ ಸಭೆಯೊಂದಕ್ಕೆ ಅವರನ್ನು ಕರೆದಿದ್ದರು. ವೇದಿಕೆಗಲ್ಲ, ಅತಿಥಿಗಳ ಹಾರಕ್ಕೆ ಹೂ ಪೋಣಿಸಲು. ಅಲ್ಲಿ ಒಬ್ಬ ದೊಡ್ಡ ಮನುಷ್ಯರು, ‘ಅಮ್ಮಾ, ನಿಮ್ಮ ಪಾರೋತಕ್ಕ ಗಂಭೀರ ಆಗೋದು ಯಾವಾಗ?’ ಎಂದು ಹಲ್ಲು ಕಿಸಿದರು. ‘ನಿಮ್ಮಷ್ಟು ವಯಸ್ಸಾಗ್ಲಿ ಸಾರ್’ ಎಂದು ಇವರು ದಾರಕ್ಕೆ ಗಂಟು ಹಾಕಿದರು. ಮುಖದಲ್ಲಿ ಎಳ್ಳಷ್ಟೂ ನಗು ಇರಲಿಲ್ಲ.

ಈಗ ಆ ಕೊನೆಯ ಕಥೆಗೆ ಬರುತ್ತೇನೆ.

ಕಥೆಯಲ್ಲಿ ಒಂದು ಊರಿನ ಗಡಿಕಲ್ಲು ರಾತ್ರೋರಾತ್ರಿ ಜರುಗಿದೆ. ಅದನ್ನು ಕಂಡ ಮುದುಕನೊಬ್ಬ ಕೆರೆಯಲ್ಲಿ ಹೆಣವಾಗಿದ್ದಾನೆ. ಪಾರೋತಕ್ಕ ಎಂದಿನಂತೆ ದಾರಿ ತಪ್ಪಿ, ಮೊದಲು ಬೇಲಿಯೇ ಇಲ್ಲದ ಕಡೆ ಮುಳ್ಳುತಂತಿಗೆ ಸಿಕ್ಕಿ ಸೀರೆ ಹರಿದುಕೊಳ್ಳುತ್ತಾಳೆ. ‘ಇಲ್ಲಿ ನಿನ್ನೆ ದಾರಿ ಇತ್ತಲ್ರೋ, ನಿಮ್ಮ ಮನೆ ಹಾಳಾಗ!’ ಎಂದು ಬೊಬ್ಬೆ ಹಾಕುತ್ತಾಳೆ. ಅಲ್ಲಿಂದ ಪತ್ತೇದಾರಿ ಶುರು. ನಮ್ಮ ಬಸ್ಸಿನವರು ವಾರಗಟ್ಟಲೆ ಊಹಿಸಿದರು. ಗುಮಾಸ್ತರು ಕುರಿ ಕಾಯುವವನಿಂದ ಹಿಡಿದು ಪೂಜಾರಿಯ ತಮ್ಮನವರೆಗೆ ಎಲ್ಲರನ್ನೂ ನೇಣಿಗೆ ಏರಿಸಿದರು. ಕಥೆಯಲ್ಲಿ ಊರಿನ ಹಿರಿಯನೊಬ್ಬನಿದ್ದ. ಶಾಲೆ ಕಟ್ಟಿಸಿದವನು, ಎಲ್ಲರ ಜಗಳಕ್ಕೂ ನ್ಯಾಯ ಹೇಳುವವನು. ಅವನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಕಥೆಯಲ್ಲೂ ದೊಡ್ಡವರ ಮೇಲೆ ಬೆರಳು ತೋರಿಸುವ ಧೈರ್ಯ ನಮ್ಮ ಜನಕ್ಕಿಲ್ಲ. ಹೀಗೆ ಕೊನೆಗೆ ಉಳಿದವನು ಅವನೇ. ಪತ್ರಿಕೆಯಲ್ಲಿ ಪಾರೋತಕ್ಕ ಅವನ ಕೊರಳಪಟ್ಟಿ ಹಿಡಿದಳು.

ಎರಡೇ ದಿನದಲ್ಲಿ ಆ ಪುಟದ ಫೋಟೋ ಸೊರಬದ ಮೊಬೈಲುಗಳಲ್ಲೆಲ್ಲ ಓಡಾಡಿತು. ಶಾಲೆಯ ಅಧ್ಯಕ್ಷರಿಗೂ ತಲುಪಿತು. ಅವರ ಹೊಲ ಶಾಲೆಯ ಆಟದ ಬಯಲಿಗೆ ಅಂಟಿಕೊಂಡಿದೆ. ಬಯಲು ವರ್ಷದಿಂದ ವರ್ಷಕ್ಕೆ ಸಣ್ಣದಾಗಿ ಹೊಲ ದೊಡ್ಡದಾಗುತ್ತಿತ್ತು. ಸೊರಬದಲ್ಲಿ ಇದು ಗೊತ್ತಿಲ್ಲದವರಿರಲಿಲ್ಲ, ಹೇಳುವವರೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ಮಹಾನುಭಾವರು ಮುಟ್ಟಿ ನೋಡಿಕೊಂಡದ್ದಷ್ಟೇ ಅಲ್ಲ, ಹೇಳಿದವರನ್ನು ಮನೆಗೇ ಕರೆಸಿದರು.

‘ನಿಜ ಹೇಳ್ರಿ, ನಿಮಗೆ ಗೊತ್ತಿತ್ತಾ?’ ಎಂದು ನಾನು ಅವರ ಮನೆಗೆ ಹೋಗುವ ದಾರಿಯಲ್ಲಿ ಕೇಳಿದೆ.

‘ಖೋ ಖೋ ಆಡೋ ಹುಡುಗೀರು ತಂತಿಗೆ ಲಂಗ ಹರ್ಕೊಂಡು ನನ್ ಹತ್ರಾನೇ ಬರ್ತಾವಲ್ರೀ. ಎಲ್ಲಿ ಹರೀತು ಅಂತ ಕೇಳ್ದೆ ಹೆಂಗ್ ಹೊಲೀಲಿ? ಹೋದ್ ವರ್ಷ ಗೋಡೆ ಹತ್ರ ಹರೀತಿತ್ತು. ಈ ವರ್ಷ ಬಯಲಿನ ಮಧ್ಯದಾಗೆ ಹರೀತೈತೆ’ ಎಂದರು.

ಒಬ್ಬರೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೋಗಿದ್ದೆ. ಅಧ್ಯಕ್ಷರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮಗೆ ಕೂರಲು ಹೇಳಲಿಲ್ಲ. ದನಿ ಮಾತ್ರ ಬೆಣ್ಣೆ.

‘ನೋಡಿ ತಾಯಿ, ನನಗೆ ಸ್ವಂತಕ್ಕೆ ಎಂತ ಬೇಜಾರೂ ಇಲ್ಲ ಮಾರಾಯ್ರೆ. ಆದ್ರೆ ಮಕ್ಕಳಿಗೆ ಪಾಠ ಹೇಳೋರು ನೀವು. ಹಿರೀಕರನ್ನ ಕಳ್ಳ ಅಂತ ಬರೆದ್ರೆ ಮಕ್ಕಳು ಎಂತ ಕಲೀತಾವೆ? ಮುಂದಿನ ವಾರ ಒಂದು ಬರೀರಿ. ಆ ಪಾರೋತಕ್ಕ ಹಿರಿಯರ ಮನೆಗೆ ಬಂದು, ನಂದು ತಪ್ಪಾಯ್ತು ಅಂತ ಕಾಲು ಹಿಡೀಲಿ. ಅಷ್ಟಾದ್ರೆ ಈ ವರ್ಷದ ನಿಮ್ಮ ಕೆಲಸದ ಕಾಗದಕ್ಕೆ ಈಗಲೇ ಸೈ ಹಾಕ್ತೆ.’

ನನಗೆ ಬಾಯಿ ತಡೆಯಲಾಗದೆ ಏನೋ ಹೇಳಹೊರಟೆ. ಅಷ್ಟರಲ್ಲಿ ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲು ಹತ್ತಿ, ಬಗ್ಗಿ ಆ ಮನುಷ್ಯನ ಎರಡೂ ಕಾಲು ಮುಟ್ಟಿದರು. ನಾನು ನೋಡುತ್ತ ನಿಂತೆ.

‘ಹಿಡಿದೆ ಸಾರ್. ತಪ್ಪಾಗಿದ್ರೆ ನಂದು ಅಂತ ಹೊಟ್ಟೆಗೆ ಹಾಕ್ಕೊಳ್ಳಿ. ಪಾರೋತಕ್ಕನ ಕೈಲಿ ಹಿಡಿಸೋದು ಬ್ಯಾಡ’ ಎಂದರು.

ಅಧ್ಯಕ್ಷರು ಕಾಲು ಹಿಂದಕ್ಕೆ ಎಳೆದುಕೊಂಡರು. ‘ನೀವು ಹಿಡಿದದ್ದು ಯಾರಿಗೆ ಕಾಣ್ತದೆ ತಾಯಿ? ನನಗೆ ಪೇಪರಿನಲ್ಲಿ ಬೇಕು’ ಎಂದರು.

‘ಅದಾಗಲ್ಲ ಸಾರ್.’

‘ಹಂಗಾದ್ರೆ ಇದೂ ಆಗಲ್ಲ’ ಎಂದು ಅವರು ಎದ್ದು ಒಳಗೆ ಹೋದರು. ಒಂದು ಲೋಟ ನೀರು ಕೂಡ ಕೊಡಲಿಲ್ಲ.

ಹೊರಗೆ ಬಂದ ಮೇಲೆ ನಾನು ಇವರ ಮೇಲೇ ಹಾರಿದೆ. ‘ಕಾಲು ಯಾಕ್ರೀ ಮುಟ್ಟಿದ್ರಿ ಆ ಮನೆಹಾಳನ್ದು? ಅಷ್ಟು ಮುಟ್ಟಿದ ಮೇಲೆ ನಾಲ್ಕು ಸಾಲು ಗೀಚಿ ಕೆಲಸನಾದ್ರೂ ಉಳಿಸ್ಕೋಬಹುದಿತ್ತಲ್ಲ!’

ಅವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟರು. ‘ನಂಗೆ ಅತ್ತೆ ಅದಾರೆ, ಮಗಳ ಓದೈತೆ. ನಾನು ಯಾರ ಕಾಲು ಬೇಕಾದ್ರೂ ಹಿಡೀತೀನಿ ಡಾಕ್ಟ್ರಮ್ಮ. ನಾಚಿಕೆ ಇಲ್ಲ. ಪಾರೋತಕ್ಕಂಗೆ ಯಾರ ಹಂಗೈತೆ? ಹಂಗಿಲ್ದಿರೋ ಒಬ್ಬಳು ಹೆಂಗಸನ್ನ ಇಷ್ಟು ವರ್ಷ ಕಷ್ಟಪಟ್ಟು ಮಾಡೀನಿ. ಅವಳನ್ನೂ ಬಗ್ಗಿಸಿಬಿಟ್ರೆ ನಂಗಿನ್ನೇನು ಉಳೀತ್ರೀ?’

ನನಗೆ ಅಳು ಬಂತು, ಸಿಟ್ಟಿಗೆ ಬಂದ ಅಳು.

ಕೆಲಸ ಹೋಯಿತು. ವಾರಪತ್ರಿಕೆಯವರು ‘ಜಾಗದ ಅಭಾವ’ ಎಂದು ಧಾರಾವಾಹಿ ನಿಲ್ಲಿಸಿದರು. ಅದೇ ಜಾಗದಲ್ಲಿ ಮುಂದಿನ ವಾರ ಅಧ್ಯಕ್ಷರ ಹುಟ್ಟುಹಬ್ಬದ ಶುಭಾಶಯ ಬಂತು. ಅದೂ ಹೋಗಲಿ. ನನ್ನ ಸಿಟ್ಟು ಇರುವುದು ನಮ್ಮ ಬಸ್ಸಿನವರ ಮೇಲೆ. ಕೆಲಸದ ಕೊನೆಯ ವಾರ ಅವರು ಬಸ್ಸು ಹತ್ತಿದರೆ, ವರ್ಷಗಟ್ಟಲೆ ಅವರಿಗೆಂದೇ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುತ್ತಿದ್ದವರೆಲ್ಲ ಮೊಬೈಲು ನೋಡುತ್ತ ಕೂತರು. ಗುಮಾಸ್ತರು ಹಿಂದಿನ ಸೀಟಿಗೆ ಹೋಗಿ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರು. ಅಧ್ಯಕ್ಷರ ಕೇಸುಗಳೆಲ್ಲ ಈ ಗುಮಾಸ್ತರ ವಕೀಲರ ಬಳಿಯೇ ಇದ್ದವು. ನಾನು ಬಸ್ಸಿನ ನಡುವೆ ನಿಂತು, ‘ನಿಮಗೆಲ್ಲ ಬಾಯಿ ಬಿದ್ದು ಹೋಗಿದೆಯೇನ್ರೀ? ಕಥೇಲಿ ಆ ಹಿರಿಯನ ಹೆಸರು ಎತ್ತದೆ ಕೊನೆಗೆ ಉಳಿಸಿದ್ದು ನೀವೇ ಅಲ್ವಾ!’ ಎಂದು ಕೂಗಿದೆ. ಟೀಚರು ನನ್ನ ಕೈ ಹಿಡಿದು ಕೂರಿಸಿದರು. ಕಂಡಕ್ಟರ್ ಅವತ್ತು ಅವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಅವನೊಬ್ಬನಿಗೆ ನಾನು ಇವತ್ತಿಗೂ ನಮಸ್ಕಾರ ಮಾಡುತ್ತೇನೆ.

ಆಮೇಲೆ ಅವರು ಮನೆಯ ಮುಂದೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿದರು, ಫಾಲು ಹಚ್ಚಿದರು. ಮಗಳ ಓದು ಮುಗಿಸಿದರು. ಅತ್ತೆಯನ್ನು ಮಣ್ಣು ಮಾಡಿದರು. ಬರೆಯಲಿಲ್ಲ. ‘ಬರೀರಿ, ನಾನು ಅಚ್ಚು ಹಾಕಿಸ್ತೀನಿ’ ಎಂದು ಎಷ್ಟು ಸಲ ಹೇಳಿದೆನೋ. ‘ಊಹೆ ಮಾಡೋರಿಲ್ದೆ ಹೆಂಗ್ ಬರೀಲಿ?’ ಎನ್ನುತ್ತಿದ್ದರು. ಆ ಬಸ್ಸಿನ ಅಂಥ ಜನವೂ ಅವರಿಗೆ ಬೇಕಾಗಿತ್ತು. ಇದು ನನಗೆ ಎಂದೂ ಅರ್ಥವಾಗಲಿಲ್ಲ, ಕ್ಷಮಿಸಲೂ ಆಗಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಸೂಜಿಗೆ ದಾರ ಪೋಣಿಸಲು ಬರುವ ಹೋಗುವವರನ್ನು ಕೇಳುವಂತಾಯಿತು. ಕೊನೆಗೆ ಕಿಡ್ನಿಗೂ ಇಳಿದು ಅವರನ್ನು ತಗೊಂಡು ಹೋಯಿತು.

ಬದುಕಿದ್ದಾಗ ಮುಖ ತಿರುಗಿಸಿದವರಿಗೆಲ್ಲ ಸತ್ತ ಮೇಲೆ ಪ್ರೀತಿ ಉಕ್ಕಿತು. ಸಮುದಾಯ ಭವನದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ನಿರೂಪಣೆ ಯಾರದು? ಗುಮಾಸ್ತರದು! ಅಧ್ಯಕ್ಷತೆ ಯಾರದು? ಸೊರಬದಿಂದ ಕಾರಿನಲ್ಲಿ ಬಂದ ಅದೇ ಅಧ್ಯಕ್ಷರದು! ಮಗಳು ಫೋಟೋದ ಪಕ್ಕ ಕೂತಿದ್ದಳು. ಊರೂರಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಹುಡುಗಿ. ಆ ಜಗಲಿಯ ಮೇಲೆ ನಡೆದದ್ದನ್ನು ತಾಯಿ ಅವಳಿಗೆ ಹೇಳಿರಲಿಲ್ಲ. ನನ್ನಿಂದಲೂ ಹೇಳದಂತೆ ಆಣೆ ಹಾಕಿಸಿಕೊಂಡಿದ್ದರು. ಕೆಲಸ ತಾನೇ ಬಿಟ್ಟೆ ಎಂದಷ್ಟೇ ಅವಳಿಗೆ ಗೊತ್ತು.

ಅಧ್ಯಕ್ಷರು ಮೈಕು ಹಿಡಿದರು. ‘ಆ ತಾಯಿ ಒಮ್ಮೆ ತಿಳಿಯದೆ ಏನೋ ಬರೆದಿದ್ರು. ಆಮೇಲೆ ಪಾಪ, ತಾವಾಗೇ ನಮ್ಮ ಮನೆಗೆ ಬಂದು ಕಾಲು ಹಿಡಿದು ತಪ್ಪಾಯ್ತು ಅಂದ್ರು. ನಾನು ಎತ್ತಿ, ಅದು ಬರೀ ಕಥೆ ಅಲ್ಲವಾ ತಾಯಿ, ಕಥೆಗೆ ಯಾರಾದ್ರೂ ಬೇಜಾರು ಮಾಡ್ಕೊಳ್ತಾರಾ ಅಂದೆ’ ಎಂದರು. ಜನ ತಲೆದೂಗಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಪಾರೋತಕ್ಕನ ಕಥೆಗಳನ್ನೆಲ್ಲ ತಮ್ಮ ಖರ್ಚಿನಲ್ಲಿ ಪುಸ್ತಕ ಮಾಡಿಸುತ್ತಾರಂತೆ. ‘ಅವರ ಕೊನೆಯ ಆಸೆಯಂತೆ’ ಆ ಗಡಿಕಲ್ಲಿನ ಕಥೆಗೆ ಗುಮಾಸ್ತರು ಹೊಸ ಮುಕ್ತಾಯ ಬರೆದಿದ್ದಾರಂತೆ. ಪಾರೋತಕ್ಕ ತಪ್ಪು ತಿಳಿದು ಹಿರಿಯರ ಕಾಲಿಗೆ ಬೀಳುತ್ತಾಳಂತೆ. ಮಗಳೂ ಒಪ್ಪಿದ್ದಾಳಂತೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ಅಮ್ಮನ ಆಸೆ ಎಂದು ನಂಬಿಸಿದರೆ ಯಾವ ಮಗಳು ಬೇಡ ಎಂದಾಳು?

ಆಣೆ ಮನೆ ಹಾಳಾಗಲಿ ಎಂದು ನಾನು ಎದ್ದೆ. ಗುಮಾಸ್ತರು ನನ್ನನ್ನು ಕಂಡವರೇ ಅವಸರದಲ್ಲಿ, ‘ಮೇಡಂ, ಸಮಯದ ಅಭಾವ. ಮಾತು ಸಾಕು. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನಾಚರಣೆ’ ಎಂದು ಘೋಷಿಸಿದರು.

ಎಲ್ಲರೂ ಎದ್ದರು. ತಲೆ ತಗ್ಗಿಸಿದರು, ಕೈ ಕಟ್ಟಿದರು, ಕಣ್ಣು ಮುಚ್ಚಿದರು. ಸೂಜಿ ಬಿದ್ದರೆ ಕೇಳುವ ಹಾಗಾಯಿತು. ಆಗ ನನಗೆ ಹೊಳೆಯಿತು. ಈ ಒಂದು ನಿಮಿಷ ಇಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ. ನನ್ನನ್ನು ತಡೆಯಲು ಕೂಡ.

ಮೈಕು ಬೇಕಾಗಲಿಲ್ಲ. ದನಕರುಗಳ ಜೊತೆ ದುಡಿದ ಗಂಟಲು ನನ್ನದು.

‘ಕಾಲು ಹಿಡಿದದ್ದು ನಿಜ. ನಾನು ಪಕ್ಕದಲ್ಲೇ ಇದ್ದೆ. ಇವರು ಎತ್ತಲಿಲ್ಲ, ಕಾಲು ಎಳ್ಕೊಂಡ್ರು. ನಿಮ್ಮದು ಸಾಲ್ದು, ಪಾರೋತಕ್ಕನೇ ಹಿಡೀಬೇಕು, ಪೇಪರಿನಲ್ಲಿ ಹಿಡೀಬೇಕು ಅಂದ್ರು. ಟೀಚರು ಆಗಲ್ಲ ಅಂದ್ರು. ಆಗಲ್ಲ ಅಂದಿದ್ದಕ್ಕೆ ಕೆಲಸ ಕಿತ್ಕೊಂಡ್ರು. ಬದುಕಿದ್ದಾಗ ಬಗ್ಗಿಸೋಕೆ ಆಗ್ಲಿಲ್ಲ, ಈಗ ಸತ್ತ ಮೇಲೆ ಬಗ್ಗಿಸ್ತಾ ಇದಾರೆ.’

ಗುಮಾಸ್ತರು ಕಣ್ಣು ತೆರೆದು ಗಡಿಯಾರ ನೋಡಿದರು. ತಾವೇ ಸಾರಿದ ಮೌನ, ತಾವೇ ಮುರಿಯುವುದು ಹೇಗೆ? ಅಧ್ಯಕ್ಷರ ಕುತ್ತಿಗೆ ಕೆಂಪಾಗಿತ್ತು, ಕೈ ಮಾತ್ರ ಕಟ್ಟಿಕೊಂಡೇ ಇದ್ದರು.

‘ಅದು ಬರೀ ಕಥೆ ಆಗಿದ್ರೆ ಕೆಲಸ ಯಾಕ್ರೀ ಕಿತ್ಕೊಂಡ್ರಿ?’ ಎಂದು ನಾನು ಕೇಳಿದೆ.

ಯಾರೂ ಉತ್ತರ ಕೊಡಲಿಲ್ಲ. ಮೌನಾಚರಣೆ ನಡೆಯುತ್ತಿತ್ತಲ್ಲ.

ಮುರಿದದ್ದು ಮಗಳು. ಅಷ್ಟೊತ್ತಿಗೆ ಅವಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಗುಮಾಸ್ತರ ಕಡೆ ತಿರುಗಿ ಕೈ ಚಾಚಿದಳು.

‘ಅಂಕಲ್, ನೀವು ಬರೆದಿದ್ದು ಕೊಡಿ ಇಲ್ಲಿ. ಪುಸ್ತಕ ಬ್ಯಾಡ. ನಮ್ಮಮ್ಮ ಹಿಡಿದಿದ್ದೇ ಸಾಕು.’